ಅತಿಥಿಗೂ ಒಂದು ಧರ್ಮವಿದೆ

ಆನೇಕಲ್ ಸೀಮೆಯವರಿಗೆ ಬ್ಯಾಂಕಾಕ್ ಈಗ ದೂರದ ಊರಾಗಿ ಉಳಿದಿಲ್ಲ. ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆಯ ವಿಮಾನಯಾನ ಅಷ್ಟೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಸರ್ಕಾರ ಭಾರತೀಯರಿಗೆ ವೀಸಾ ವಿನಾಯಿತಿ ನೀಡಿದ ಮೇಲಂತೂ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿಗಳ ಉದ್ಯೋಗಿಗಳಿಗೆ ಅದು ಸುಲಭದ ಪ್ರವಾಸವಾಯಿತು. ಮಾರಾಟದ ಗುರಿ ಮುಟ್ಟಿದವರನ್ನು ಕಂಪನಿಗಳೇ ಕರೆದೊಯ್ಯುವುದೂ ಉಂಟು. ಹೋಗಿ ಬಂದವರ ಮಾತಿನಲ್ಲಿ ಅಗ್ಗದ ಪೇಟೆ, ಕಡಲತೀರ, ಪಟ್ಟಾಯದ ರಾತ್ರಿಗಳು ಧಾರಾಳವಾಗಿರುತ್ತವೆ. ಅಲ್ಲಿನ ಜನ ಯಾವುದನ್ನು ಪವಿತ್ರವೆಂದು ಬಗೆಯುತ್ತಾರೆ, ಯಾವುದರಿಂದ ನೋಯುತ್ತಾರೆ ಎಂಬ ಮಾತನ್ನು ಮಾತ್ರ ನಾನು ಕೇಳಿದ್ದು ಅಪರೂಪ.

ನಮ್ಮನ್ನು ಮೊದಲು ದಾರಿ ತಪ್ಪಿಸುವುದು ಪರಿಚಯದ ಭ್ರಮೆ. ಅಲ್ಲಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ; ಹಳೆಯ ರಾಜಧಾನಿ ಅಯುತ್ಥಯ ನಮ್ಮ ಅಯೋಧ್ಯೆಯ ಹೆಸರನ್ನು ಹೊತ್ತಿದೆ; ರಾಮಾಯಣ ಅಲ್ಲಿ ‘ರಾಮಕಿಯನ್’ ಆಗಿದೆ. ಇದನ್ನೆಲ್ಲ ಕಂಡು ‘ಎಲ್ಲವೂ ನಮ್ಮಿಂದಲೇ ಹೋದದ್ದು’ ಎಂದು ಬೀಗುವವರಿದ್ದಾರೆ. ಆದರೆ ಕೈಮುಗಿಯುವುದಕ್ಕೂ ಅಲ್ಲಿ ಅದರದೇ ವ್ಯಾಕರಣವಿದೆ. ‘ವಾಯ್’ ಎನ್ನುವ ಆ ವಂದನೆಯನ್ನು ಕಿರಿಯರು ಮೊದಲು ಸಲ್ಲಿಸಬೇಕು. ಎದುರಿನವರು ಹಿರಿಯರಾದಷ್ಟೂ ಜೋಡಿಸಿದ ಕೈ ಮೇಲೇರುತ್ತದೆ. ಭಿಕ್ಷುವಿಗೆ ನಮಿಸುವಾಗ ಹೆಬ್ಬೆರಳು ಹುಬ್ಬುಗಳ ನಡುವೆ ಬರುತ್ತದೆ. ಭಿಕ್ಷು ಪ್ರತಿವಂದನೆ ಮಾಡುವುದಿಲ್ಲ. ಅದು ಅಹಂಕಾರವಲ್ಲ, ಕ್ರಮ.

ಥಾಯ್ ಜನರಿಗೆ ತಲೆ ದೇಹದ ಪವಿತ್ರ ಭಾಗ, ಪಾದ ಅತ್ಯಂತ ಕೆಳಗಿನದು. ಮುದ್ದಿಗೆಂದು ಮಕ್ಕಳ ತಲೆ ಸವರುವುದೂ ಹಿಡಿಸದು. ಬುದ್ಧನ ಮೂರ್ತಿಯತ್ತ ಕಾಲು ಚಾಚಿ ಕೂರುವುದಂತೂ ಅಪಚಾರ. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಅವರು ನೀಡುವ ವಸ್ತುವನ್ನು ಭಿಕ್ಷು ನೇರವಾಗಿ ಕೈಗೆ ತೆಗೆದುಕೊಳ್ಳದೆ ಬಟ್ಟೆ ಹಾಸಿ ಸ್ವೀಕರಿಸುತ್ತಾರೆ. ಈ ನಿಯಮವನ್ನು ಒಪ್ಪದವರಿರಬಹುದು. ಒಪ್ಪುವುದು ಬೇರೆ, ಪಾಲಿಸುವುದು ಬೇರೆ. ಅತಿಥಿಯಿಂದ ಆತಿಥೇಯರು ಬಯಸುವುದು ಎರಡನೆಯದನ್ನು ಮಾತ್ರ.

ರಾಜಮನೆತನದ ವಿಷಯದಲ್ಲಿ ಉಪಚಾರದ ಜೊತೆಗೆ ಕಾನೂನೂ ಇದೆ. ಅಲ್ಲಿನ ದಂಡಸಂಹಿತೆಯ 112ನೇ ಕಲಮಿನಂತೆ ರಾಜನಿಂದೆಗೆ 3ರಿಂದ 15 ವರ್ಷಗಳ ಸೆರೆವಾಸ. 2007ರಲ್ಲಿ ರಾಜನ ಚಿತ್ರಗಳಿಗೆ ಬಣ್ಣ ಬಳಿದ ಸ್ವಿಟ್ಜರ್ಲೆಂಡ್ ಪ್ರಜೆಯೊಬ್ಬನಿಗೆ 10 ವರ್ಷಗಳ ಶಿಕ್ಷೆಯಾಯಿತು. ಬಳಿಕ ರಾಜನ ಕ್ಷಮಾದಾನ ಪಡೆದು ಆತ ಗಡೀಪಾರಾದ. ಈ ಕಾನೂನಿನ ಸುಧಾರಣೆ ಬೇಕೆಂದು ಥಾಯ್ ಯುವಜನರು 2020ರಲ್ಲಿ ಬೀದಿಗಿಳಿದಿದ್ದರು. ಆ ವಾಗ್ವಾದ ಅವರ ಮನೆಯದು. ನಾಲ್ಕು ದಿನಗಳ ಮಟ್ಟಿಗೆ ಹೋದವರು ಅದರಲ್ಲಿ ತಮಾಷೆಯ ಮಾತು ಸೇರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಕ್ರೆಂಗ್ ಜಾಯ್’ ಎಂಬ ಗುಣ. ಇಂಗ್ಲಿಷರು ಅದನ್ನು ಅನುವಾದಿಸಲು ತಿಣುಕುತ್ತಾರೆ. ಕನ್ನಡಿಗರಿಗೆ ಆ ಕಷ್ಟವಿಲ್ಲ. ನಮ್ಮ ‘ದಾಕ್ಷಿಣ್ಯ’ ಅದರ ಹತ್ತಿರದ ನೆಂಟ. ಇನ್ನೊಬ್ಬರಿಗೆ ತೊಂದರೆಯಾದೀತೆಂಬ, ಮುಖಭಂಗವಾದೀತೆಂಬ ಹಿಂಜರಿಕೆ ಅದು. ಹೋಟೆಲಿನಲ್ಲಿ ಏರುದನಿಯಲ್ಲಿ ಗದರಿದಾಗಲೂ ಅಲ್ಲಿನ ನೌಕರ ನಗುತ್ತಾನೆ. ಆ ನಗು ಯಾವಾಗಲೂ ಸಮ್ಮತಿಯಲ್ಲ; ಎಷ್ಟೋ ಸಲ ನುಂಗಿಕೊಂಡ ಅವಮಾನ.

ಬ್ಯಾಂಕಾಕಿನಲ್ಲಿ ‘ಬುದ್ಧ ಅಲಂಕಾರದ ವಸ್ತುವಲ್ಲ’ ಎಂದು ಪ್ರವಾಸಿಗರಿಗೆ ತಿಳಿಹೇಳುವ ಫಲಕಗಳನ್ನು ಹಾಕಲಾಗಿದೆ. ನಮ್ಮ ಸರ್ಜಾಪುರ ರಸ್ತೆಯ ವಿಲ್ಲಾಗಳ ಕಾರಂಜಿಗಳಲ್ಲಿ, ಸ್ಪಾಗಳ ಬಾಗಿಲುಗಳಲ್ಲಿ ರುಂಡ ಮಾತ್ರವಾಗಿ ಕುಳಿತ ಬುದ್ಧನನ್ನು ಕಂಡಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಈ ಪಾಠ ನಮಗೆ ಹೊಸದಾಗಬಾರದು. ಏಕೆಂದರೆ ಆನೇಕಲ್ ಸ್ವತಃ ಆತಿಥೇಯರ ಸೀಮೆ. ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿಗಳ ಬೆನ್ನಿಗೆ ದೇಶದ ಮೂಲೆಮೂಲೆಗಳಿಂದ ಜನ ಬಂದು ಇಲ್ಲಿ ನೆಲೆಸಿದ್ದಾರೆ. ಕರಗ ಹೊರಟಾಗ ಚಪ್ಪಲಿ ಕಳಚಿ ನಿಲ್ಲುವ ಹಿರಿಯರ ನಡುವೆ ಮೊಬೈಲ್ ಹಿಡಿದು ನುಗ್ಗುವವರನ್ನು ಕಂಡರೆ ಊರಿನವರ ಮುಖ ಬಾಡುತ್ತದೆ. ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ನೂರು ಅಡಿಗೂ ಮಿಕ್ಕ ತೇರುಗಳನ್ನು ಹಳ್ಳಿಗಳಿಂದ ಎಳೆತರುವುದು ರೂಢಿಯಾಗಿ ಬಂದದ್ದು. 2025ರಲ್ಲಿ ತೇರು ಉರುಳಿ ಜೀವಹಾನಿಯಾದಾಗ ಎದ್ದ ಸುರಕ್ಷತೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಬರುವ ಪ್ರಶ್ನೆಯಲ್ಲಿ ಕಾಳಜಿಯ ಬದಲು ಕುಹಕವಿದ್ದರೆ ಅದು ಚುಚ್ಚುತ್ತದೆ. ಹೊರಗಿನವರು ನಮ್ಮ ನುಡಿ, ನಡೆಗಳನ್ನು ಗೌರವಿಸಬೇಕೆಂದು ಇಲ್ಲಿ ಕೇಳುವ ನಾವು ಅಲ್ಲಿ ಹೊರಗಿನವರಾದಾಗ ಅದೇ ತಕ್ಕಡಿಯಲ್ಲಿ ತೂಗಿಕೊಳ್ಳಬೇಡವೇ?

ಇದಕ್ಕೆ ಬೇಕಾದದ್ದು ದೊಡ್ಡ ವಿದ್ವತ್ತಲ್ಲ. ನೌಕರರನ್ನು ಪ್ರವಾಸಕ್ಕೆ ಕಳಿಸುವ ಕಂಪನಿಗಳೂ ಟಿಕೆಟ್ ಮಾರುವ ಏಜೆನ್ಸಿಗಳೂ ಹೊರಡುವ ಮುನ್ನ ಅರ್ಧ ಗಂಟೆ ಈ ವಿಷಯ ತಿಳಿಸಿದರೆ ಸಾಕು. ಅತಿಥಿಯನ್ನು ದೇವರೆಂದು ಕರೆದ ಸಂಸ್ಕೃತಿ ನಮ್ಮದೆಂದು ಹೇಳಿಕೊಳ್ಳುತ್ತೇವೆ. ದೇವರೆನಿಸಿಕೊಂಡವನೂ ಹೊಸಿಲ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು.