ಬೇಸಿಗೆಯ ತುಕ್ಕು, ಚಳಿಗಾಲದ ಸೆಕೆಂಡುಗಳು

ಕೆನಡಾದಲ್ಲಿ ತುಪ್ಪುಳಕ್ಕಾಗಿ ನಡೆಯುವ ಬೇಟೆ ಚಳಿಗಾಲದ ಕಸುಬು. ಪ್ರಾಣಿಗಳ ಮೈಯ ತುಪ್ಪುಳ ದಟ್ಟವಾಗಿರುವುದು ಆಗಲೇ. ಹಿಮ ಕರಗಿ ಹಂಗಾಮು ಮುಗಿದ ಮೇಲೆ ಹೊಳೆ, ಹೊಂಡಗಳಿಂದ ತೆಗೆದ ಟ್ರ್ಯಾಪ್‌ಗಳು ಕೊಟ್ಟಿಗೆ ಸೇರುತ್ತವೆ. ಮುಂದಿನ ಚಳಿಗಾಲದಲ್ಲಿ ಬೀವರ್ ಎಂಬ ಹೊಳೆಯ ಪ್ರಾಣಿಯೊಂದು ಬೇಗ ಸಾಯುತ್ತದೋ ನರಳಿ ಸಾಯುತ್ತದೋ ಎಂಬುದರಲ್ಲಿ ಈ ಬಿಡುವಿನ ತಿಂಗಳುಗಳ ಆರೈಕೆಯ ಪಾಲು ದೊಡ್ಡದು.

ನಾನು ಹೇಳುತ್ತಿರುವುದು ಫ್ರ್ಯಾಂಕ್ ಕಾನಿಬೇರ್ ರೂಪಿಸಿದ ಟ್ರ್ಯಾಪ್‌ನ ಬಗ್ಗೆ. ಅವರು ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ಇದೇ ಕಸುಬು ಮಾಡಿ ಬದುಕಿದವರು. ಹಳೆಯ ಟ್ರ್ಯಾಪ್ ಕಾಲನ್ನು ಕಚ್ಚಿ ಹಿಡಿಯುತ್ತಿತ್ತು. ಪ್ರಾಣಿ ಗಂಟೆಗಟ್ಟಲೆ ಒದ್ದಾಡುತ್ತಿತ್ತು. ಅದರ ಬದಲು ಕೂಡಲೇ ಕೊಲ್ಲುವ ಸಾಧನ ಬೇಕೆಂದು ಅವರು ವರ್ಷಾನುಗಟ್ಟಲೆ ದುಡಿದರು. 1950ರ ದಶಕದ ಕೊನೆಗೆ ಅದು ಮಾರುಕಟ್ಟೆಗೆ ಬಂತು. ನಡುವೆ ಕೀಲಿರುವ ಎರಡು ಚೌಕಟ್ಟು, ಪಕ್ಕದಲ್ಲಿ ಒಂದೋ ಎರಡೋ ಸುರುಳಿ ಸ್ಪ್ರಿಂಗ್. ಚೌಕದೊಳಗೆ ನುಗ್ಗುವ ಪ್ರಾಣಿ ಟ್ರಿಗರ್ ತಂತಿಯನ್ನು ತಳ್ಳಿದರೆ ಚೌಕಟ್ಟುಗಳು ತಿರುಗಿ ಕುತ್ತಿಗೆಗೋ ಎದೆಗೋ ಅಪ್ಪಳಿಸಿ, ಬಿಗಿ ಬಿಡದೆ ಹಿಡಿಯುತ್ತವೆ.

ಯುರೋಪಿಯನ್ ಒಕ್ಕೂಟ, ಕೆನಡಾ, ರಷ್ಯಾಗಳ ನಡುವೆ 1997ರಲ್ಲಿ ರೂಪುಗೊಂಡ ಒಪ್ಪಂದ ಬೇಗ ಕೊಲ್ಲುವುದೆಂದರೆ ಎಷ್ಟು ಬೇಗ ಎಂಬುದಕ್ಕೊಂದು ಅಳತೆ ಹಾಕಿತು. ಪರೀಕ್ಷೆಯಲ್ಲಿ ಕನಿಷ್ಠ ಶೇ 80ರಷ್ಟು ಪ್ರಾಣಿಗಳು ಗೊತ್ತಾದ ಅವಧಿಯೊಳಗೆ ಪ್ರಜ್ಞೆ ಕಳೆದುಕೊಳ್ಳಬೇಕು: ಮುಂಗುಸಿಯಂಥ ಪುಟ್ಟ ಪ್ರಾಣಿ ಅರ್ಮಿನ್‌ಗೆ 45 ಸೆಕೆಂಡು, ಅದಕ್ಕಿಂತ ದೊಡ್ಡ ಮಾರ್ಟನ್‌ಗೆ 120, ಬೀವರ್‌ನಂಥವಕ್ಕೆ 300. ಐದು ನಿಮಿಷ ಕಡಿಮೆಯೇನಲ್ಲ. ಅದನ್ನು ಇನ್ನಷ್ಟು ಎಳೆಯುವ ಹಕ್ಕು ಯಾರಿಗೂ ಇಲ್ಲ ಎಂದೇ ನನ್ನ ನಂಬಿಕೆ.

ಆದರೆ ಪರೀಕ್ಷೆ ಪಾಸಾದದ್ದು ಸುಸ್ಥಿತಿಯಲ್ಲಿರುವ ಟ್ರ್ಯಾಪ್. ಸ್ಪ್ರಿಂಗಿನ ಬಳೆಗಳು ಚೌಕಟ್ಟಿನ ಮೇಲೆ ಜಾರುವ ಜಾಗದಲ್ಲಿ ತುಕ್ಕು ಹಿಡಿದರೆ ಘರ್ಷಣೆ ಹೆಚ್ಚಿ ವೇಗ ತಗ್ಗುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದದ್ದು. ವೇಗ ಶೇ 10ರಷ್ಟು ಇಳಿದರೆ ಹೊಡೆತದ ಶಕ್ತಿ ಶೇ 19ರಷ್ಟು ಇಳಿಯುತ್ತದೆ. ಸಾಯಬೇಕಾದ ಪ್ರಾಣಿ ಗಾಯಗೊಂಡು ಉಳಿಯಬಹುದು.

ಹಾಗಾಗಿ ಮೊದಲ ಕೆಲಸ ಕೆಸರು, ರೋಮ, ಸಡಿಲ ತುಕ್ಕು ತೊಳೆಯುವುದು. ಹೊಸ ಟ್ರ್ಯಾಪ್ ಆದರೆ ಕಾರ್ಖಾನೆಯ ಎಣ್ಣೆ ಬಿಡಿಸಲು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಕುದಿಸಿ, ತೆಳುವಾಗಿ ತುಕ್ಕು ಬರುವಷ್ಟು ದಿನ ಹೊರಗೆ ತೂಗುಹಾಕುತ್ತಾರೆ. ತುಕ್ಕು ಬೇಕೆಂದೇ ಬರಿಸುವುದು ಬಣ್ಣ ಕೂರಲಿ ಎಂದು. ಅನಂತರ ಓಕ್ ತೊಗಟೆ, ವಾಲ್‌ನಟ್ ಸಿಪ್ಪೆ ಅಥವಾ ಲಾಗ್‌ವುಡ್ ಚಕ್ಕೆಯ ಜೊತೆ ಕುದಿಸಿದರೆ ಲೋಹ ಕಪ್ಪಾಗುತ್ತದೆ. ತೊಗಟೆಯ ಟ್ಯಾನಿನ್ ಕಬ್ಬಿಣದೊಂದಿಗೆ ಬೆರೆತು ಕಟ್ಟುವ ಈ ಕಪ್ಪು ಪೊರೆ ಹೊಸ ತುಕ್ಕನ್ನು ನಿಧಾನಿಸುತ್ತದೆ. ಅಳಲೆಕಾಯಿಯ ಒಗರು ಹೀರಿದ ಬಟ್ಟೆಯ ಮೇಲೆ ಕಬ್ಬಿಣದ ರಸದಿಂದ ಕಲಂಕಾರಿಯ ಕಪ್ಪು ಗೆರೆ ಮೂಡುವುದೂ ಇದೇ ರಸಾಯನದಿಂದ. 

ಕಾಲು ಹಿಡಿಯುವ ಟ್ರ್ಯಾಪ್‌ಗಳನ್ನು ಕೊನೆಗೆ ಕರಗಿದ ಮೇಣದಲ್ಲಿ ಅದ್ದುವುದುಂಟು. ಕಾನಿಬೇರ್ ಟ್ರ್ಯಾಪ್‌ಗೆ ಅದು ಸಲ್ಲದು. ಎತ್ತಿಕಟ್ಟಿದ ಚೌಕಟ್ಟನ್ನು ತಡೆದಿರುವುದು ಒಂದು ಸಣ್ಣ ಕೊಕ್ಕೆ, ಅದರ ಕಚ್ಚಿನ ಹಿಡಿತ. ಅಲ್ಲಿ ಮೇಣದಿಂದ ಕೊಕ್ಕೆ ಜಾರಿದರೆ ಟ್ರ್ಯಾಪ್ ಹಾಕುವವನ ಕೈಮೇಲೇ ಮುಚ್ಚಿಕೊಳ್ಳುತ್ತದೆ. ಬೀವರ್‌ಗೆ ಬಳಸುವ 330ನೇ ಅಳತೆಯ ಟ್ರ್ಯಾಪ್ ಮೂಳೆ ಮುರಿಯಬಲ್ಲದು. ತುಕ್ಕು ಸುಡುತ್ತೇನೆಂದು ಬೆಂಕಿಗೆ ಹಾಕುವುದೂ ತಪ್ಪು. ಕುದಿಯುವ ನೀರಿನ ಶಾಖಕ್ಕೆ ಜಗ್ಗದ ಸ್ಪ್ರಿಂಗ್ ಉಕ್ಕು ಬೆಂಕಿಯಲ್ಲಿ ಹದ ಕಳೆದುಕೊಳ್ಳುತ್ತದೆ.

ಇಡುವಾಗ ಸ್ಪ್ರಿಂಗ್‌ಗಳನ್ನು ಬಿಗಿದಿಡದೆ ಸಡಿಲ ಬಿಟ್ಟು, ಪೆಟ್ರೋಲ್, ಪೇಂಟ್‌ಗಳ ವಾಸನೆ ತಾಗದ ಒಣ ಜಾಗದಲ್ಲಿ ತೂಗುಹಾಕಬೇಕು. ಹಂಗಾಮಿಗೆ ಮೊದಲು ಪ್ರತಿ ಸ್ಪ್ರಿಂಗನ್ನೂ ಅದೇ ಅಳತೆಯ ಹೊಸದರೊಂದಿಗೆ ಒತ್ತಿ ಹೋಲಿಸಿದರೆ ಸೋತದ್ದು ಕೈಗೇ ತಿಳಿಯುತ್ತದೆ. ಅಂಥದ್ದನ್ನು ಬದಲಿಸಬೇಕು. ಸವೆದ ಕೊಕ್ಕೆಗೂ ಇದೇ ಮಾತು. ಚೌಕಟ್ಟೇ ಸೊಟ್ಟಗಾಗಿದ್ದರೆ ಅದು ಮತ್ತೆ ನೀರಿಗಿಳಿಯದೆ ಗುಜರಿಗೆ ಹೋಗಲಿ.