ತಾಮ್ರ, ಕಲ್ಬತ್ತು ಮತ್ತು ಬೆಳಕು

ಪುಣೆಯ ಕಸಬಾ ಪೇಠೆಯಲ್ಲಿ ‘ತಾಂಬಟ ಆಳಿ’ ಎಂಬ ಓಣಿಯಿದೆ. ಪೇಶ್ವೆಗಳ ಕಾಲದಿಂದ ತಾಮ್ರದ ಕೆಲಸಗಾರರು ನೆಲೆಸಿದ ಸ್ಥಳವಿದು. ಅಲ್ಲಿಯ ಕುಶಲಕರ್ಮಿಗಳು ಪಾತ್ರೆಗಳ ಮೈಮೇಲೆ ಸುತ್ತಿಗೆಯಿಂದ ಒತ್ತೊತ್ತಾಗಿ ಬಡಿದು ಸಣ್ಣ ಕುಳಿಗಳ ಸಾಲನ್ನು ಮೂಡಿಸುತ್ತಾರೆ. ಇದು ಕೇವಲ ಅಲಂಕಾರವಲ್ಲ. ಪೆಟ್ಟು ಬಿದ್ದಂತೆ ಮೃದುವಾದ ತಾಮ್ರವು ಗಡುಸಾಗುತ್ತದೆ. ಬಲಪ್ರಯೋಗದಿಂದ ಲೋಹದ ಒಳರಚನೆ ಬದಲಾಗುವುದೆಂಬುದಕ್ಕೆ ಇದು ಸಾಕ್ಷಿ. ಹಾಗಾದರೆ ಬಲಪ್ರಯೋಗದಿಂದ ರಾಸಾಯನಿಕ ಕ್ರಿಯೆಯನ್ನೂ ನಡೆಸಬಹುದೇ? ಪದಾರ್ಥವು ಸೂಸುವ ಬೆಳಕಿನ ಬಣ್ಣವನ್ನು ಬದಲಿಸಬಹುದೇ? ಈ ಪ್ರಶ್ನೆಗಳನ್ನು ಅದೇ ನಗರದ ಪಾಷಾಣ ಭಾಗದ ಪ್ರಯೋಗಾಲಯಗಳು ಕೈಗೆತ್ತಿಕೊಂಡಿವೆ. ಆ ವಿಷಯವನ್ನು ಪರಿಚಯಿಸುವುದು, ಅದನ್ನು ಹೇಳಲು ಕನ್ನಡದಲ್ಲಿರುವ ಮಾತುಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡು ಪದಾರ್ಥಗಳು ವರ್ತಿಸಬೇಕಾದರೆ ಅವನ್ನು ಮೊದಲು ದ್ರಾವಕದಲ್ಲಿ ಕರಗಿಸಬೇಕು ಎಂಬ ಭಾವನೆ ರಸಾಯನವಿಜ್ಞಾನದಲ್ಲಿ ಬಹುಕಾಲ ಬಲವಾಗಿತ್ತು. ಇದಕ್ಕೆ ಅಪವಾದಗಳು ಹಿಂದೆಯೂ ಇದ್ದವು. ಮೈಕೇಲ್ ಫ್ಯಾರಡೆ 1820ರಲ್ಲಿ ಬೆಳ್ಳಿಯ ಕ್ಲೋರೈಡನ್ನು ಸತುವಿನೊಡನೆ ಒಣದಾಗಿಯೇ ಅರೆದು ಬೆಳ್ಳಿಯನ್ನು ಪಡೆದನು. ಅದೇ ಶತಮಾನದ ಕೊನೆಯಲ್ಲಿ ಅಮೆರಿಕದ ಕೇರಿ ಲೀ ಇನ್ನೊಂದು ಮಹತ್ವದ ಅಂಶವನ್ನು ಕಂಡುಕೊಂಡನು: ಕಾಯಿಸಿದರೆ ವಿಭಜನೆಗೊಳ್ಳದೆ ಕೇವಲ ಕರಗುವ ಬೆಳ್ಳಿಯ ಕ್ಲೋರೈಡು, ಅರೆದಾಗ ವಿಭಜನೆಗೊಳ್ಳುತ್ತದೆ. ಅರೆಯುವಿಕೆ ಎಂದರೆ ಶಾಖದ ಮತ್ತೊಂದು ರೂಪವಷ್ಟೇ ಅಲ್ಲ, ಅದು ಸ್ವತಂತ್ರವಾದ ಕಾರಣ ಎಂಬುದು ಇದರಿಂದ ಸ್ಪಷ್ಟವಾಯಿತು.

ಈಗ ತಾಮ್ರದ ಕಡೆಗೆ ಬರೋಣ. ಲೋಹದ ಪರಮಾಣುವಿಗೆ ಸುತ್ತಲಿನ ಅಣುಗಳೋ ಅಯಾನುಗಳೋ ತಮ್ಮ ಎಲೆಕ್ಟ್ರಾನ್ ಜೋಡಿಯನ್ನು ನೀಡಿ ಬಂಧಿಸಿಕೊಂಡಾಗ ಕೋಆರ್ಡಿನೇಷನ್ ಸಂಯುಕ್ತ ಉಂಟಾಗುತ್ತದೆ. ಹಾಗೆ ನೀಡುವವುಗಳಿಗೆ ಲಿಗ್ಯಾಂಡ್ ಎಂದು ಹೆಸರು. ನಮಗೆಲ್ಲ ಪರಿಚಿತವಾದ ಮೈಲುತುತ್ತದ ನೀಲಿಯು ಅದು ಹೀರಿ ಉಳಿಸಿದ ಬೆಳಕಿನ ಬಣ್ಣ. ಅದು ಸ್ವತಃ ಬೆಳಗುವುದಿಲ್ಲ. ಅದರಲ್ಲಿರುವ ತಾಮ್ರದ ಹೊರಭಾಗದ ‘ಡಿ’ ಕಕ್ಷಕಗಳಲ್ಲಿ ಒಂಬತ್ತು ಎಲೆಕ್ಟ್ರಾನುಗಳಿದ್ದು ಒಂದು ಸ್ಥಾನ ಖಾಲಿಯಿದೆ. ಹೀರಿದ ಶಕ್ತಿಯು ಆ ಕೊರತೆಯ ದಾರಿಯಲ್ಲಿ ಶಾಖವಾಗಿ ಸೋರಿಹೋಗುತ್ತದೆ. ಅಯೋಡೈಡಿನಲ್ಲಿರುವ ಏಕವೇಲೆನ್ಸಿಯ ತಾಮ್ರದಲ್ಲಾದರೋ ಹತ್ತೂ ಸ್ಥಾನಗಳು ತುಂಬಿವೆ. ಸೋರುವ ಆ ದಾರಿ ಮುಚ್ಚಿರುವುದರಿಂದ, ಅತಿನೇರಳೆ ಕಿರಣ ಬಿದ್ದಾಗ ಹೀರಿದ ಶಕ್ತಿಯ ಗಣನೀಯ ಭಾಗವು ಬೆಳಕಾಗಿ ಹೊರಬರಬಲ್ಲದು. ಇದನ್ನೇ ದೀಪ್ತಿ ಎನ್ನುತ್ತೇವೆ.

ತಾಮ್ರದ ಅಯೋಡೈಡು ಪಿರಿಡೀನಿನೊಡನೆ ಕೂಡಿ ನಾಲ್ಕು ತಾಮ್ರ, ನಾಲ್ಕು ಅಯೋಡಿನ್‌ಗಳ ಪೆಟ್ಟಿಗೆಯಂಥ ಗುಚ್ಛವನ್ನು ರಚಿಸುತ್ತದೆ. ಇದು ಕೋಣೆಯ ಉಷ್ಣತೆಯಲ್ಲಿ ಹಳದಿಯಾಗಿಯೂ ದ್ರವ ನೈಟ್ರೋಜನ್ನಿನ ಚಳಿಯಲ್ಲಿ ನೀಲಿಯಾಗಿಯೂ ಬೆಳಗುತ್ತದೆ. ಆದರೆ ತಾಮ್ರದ ಅಯೋಡೈಡು ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಅದನ್ನು ಕರಗಿಸಲು ಅಸಿಟೋನೈಟ್ರೈಲಿನಂಥ ದ್ರಾವಕವೋ ಪೊಟ್ಯಾಸಿಯಂ ಅಯೋಡೈಡಿನ ಸಾಂದ್ರ ದ್ರಾವಣವೋ ಬೇಕು. ಕರಗಿಸುವುದೇ ಕಷ್ಟವಾದಲ್ಲಿ ಅರೆಯುವುದು ಸಹಜವಾದ ಉಪಾಯ. ಇಟಲಿಯ ಬೊಲೋನ್ಯಾದಲ್ಲಿ ದಾರಿಯೊ ಬ್ರಾಗಾ, ಲೂಚಿಯಾ ಮೈನಿ ಮೊದಲಾದವರು ಲಿಗ್ಯಾಂಡನ್ನೂ ತಾಮ್ರದ ಅಯೋಡೈಡನ್ನೂ ಒಟ್ಟಿಗೆ ಅರೆದು ದೀಪ್ತಿಯುಳ್ಳ ಸಂಯುಕ್ತಗಳನ್ನು ಪಡೆಯಬಹುದೆಂದು ತೋರಿಸಿದ್ದಾರೆ.

ಪುಣೆಯ ಕೆಲಸದಲ್ಲಿ ಎರಡು ಎಳೆಗಳಿವೆ. ಮೊದಲನೆಯದು ಅರೆದು ತಯಾರಿಸುವುದು. 1950ರಲ್ಲಿ ಆರಂಭವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ರಾಹುಲ್ ಬ್ಯಾನರ್ಜಿಯವರ ತಂಡವು 2013ರಲ್ಲಿ ಮೂರು ಸಾವಯವ ಜಾಲರಿ ಪದಾರ್ಥಗಳನ್ನು ದ್ರಾವಕವಿಲ್ಲದೆ, ಕೋಣೆಯ ಉಷ್ಣತೆಯಲ್ಲಿ ಅರೆದೇ ತಯಾರಿಸಿತು. ಇವುಗಳಲ್ಲಿ ತಾಮ್ರವಿಲ್ಲ, ವಿಧಾನ ಮಾತ್ರ ನಮ್ಮ ವಿಷಯಕ್ಕೆ ಸಂಬಂಧಿಸಿದುದು. ಎರಡನೆಯದು, ತಯಾರಾದ ತಾಮ್ರದ ಸಂಯುಕ್ತವನ್ನು ಅರೆದು ಅದರ ಬೆಳಕನ್ನು ಪರೀಕ್ಷಿಸುವುದು. 2006ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ಆರ್. ಬೂಮಿಶಂಕರ್ ಅವರ ತಂಡವು 2015ರಲ್ಲಿ ಒಂದೇ ವಿನ್ಯಾಸದ ಎರಡು ಜಾಲರಿಗಳನ್ನು ವರದಿಮಾಡಿತು. ಎರಡರಲ್ಲಿಯೂ ಆರು ತಾಮ್ರ, ಆರು ಅಯೋಡಿನ್‌ಗಳ ಗುಚ್ಛಗಳಿವೆ. ಲಿಗ್ಯಾಂಡ್ ಮಾತ್ರ ಬೇರೆ. ಅರೆದಾಗ ಮೊದಲನೆಯದರ ಕಿತ್ತಳೆ ಬೆಳಕು ಹಳದಿಯ ಕಡೆಗೆ ವಾಲಿತು. ಎರಡನೆಯದರ ಹಸಿರು ಕಿತ್ತಳೆಯಾಯಿತು. ಒಂದೇ ಕ್ರಿಯೆಯಿಂದ ವಿರುದ್ಧ ಫಲಗಳು! ಮೊದಲನೆಯದರಲ್ಲಿ ತಾಮ್ರ-ತಾಮ್ರಗಳ ಅಂತರ ಸುಮಾರು 2.75 ಆಂಗ್‌ಸ್ಟ್ರಾಮ್, ಎರಡನೆಯದರಲ್ಲಿ ಸುಮಾರು 3.15. ಈ ಅಲ್ಪ ಅಂತರವೇ ವ್ಯತ್ಯಾಸಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ವಿವರಿಸಿದ್ದಾರೆ.

ಬೆಳಕು ಸೂಸುವ ಪರದೆಗಳಲ್ಲಿ ಬಳಕೆಯಾಗುವ ಇರಿಡಿಯಂ ಅತಿ ವಿರಳವಾದ ಲೋಹ, ತಾಮ್ರ ಹೇರಳ. ದ್ರಾವಕಗಳನ್ನು ಕೈಬಿಟ್ಟರೆ ತ್ಯಾಜ್ಯವೂ ಕಡಿಮೆ. ಆದರೂ ಉತ್ಪ್ರೇಕ್ಷೆ ಸಲ್ಲದು. ಲಿಗ್ಯಾಂಡುಗಳ ತಯಾರಿಕೆಗೆ ಸಾಮಾನ್ಯವಾಗಿ ದ್ರಾವಕ ಬೇಕೇ ಬೇಕು. ಒಳರಚನೆಯನ್ನು ನಿರ್ಧರಿಸಲು ಬೇಕಾದ ದೊಡ್ಡ ಹರಳುಗಳು ಅರೆದ ಪುಡಿಯಲ್ಲಿ ದೊರೆಯುವುದಿಲ್ಲ.

ಕೊನೆಯದಾಗಿ ಭಾಷೆಯ ಮಾತು. ಪಠ್ಯಗಳಲ್ಲಿ ಇವೆಲ್ಲಕ್ಕೂ ‘ಘರ್ಷಣೆ’ ಎಂಬ ಒಂದೇ ಪದವನ್ನು ಬಳಸಿದರೆ ಭೇದಗಳು ಅಳಿಸಿಹೋಗುತ್ತವೆ. ಗುಂಡುಗಳಿರುವ ಯಂತ್ರದಲ್ಲಿ ಪುಡಿಯ ಮೇಲೆ ಬೀಳುವ ಪೆಟ್ಟು ಬೇರೆ, ಎರಡು ಮೈಗಳ ನಡುವೆ ಅದು ಜಾರಿ ಸವೆಯುವುದು ಬೇರೆ, ಕೆಲವೇ ಹನಿ ದ್ರವ ಸೇರಿಸಿ ಕ್ರಿಯೆಯನ್ನು ಚುರುಕುಗೊಳಿಸುವುದು ಬೇರೆ. ಒನಕೆಯಿಂದ ಕುಟ್ಟುವ, ಬೀಸುಕಲ್ಲಿನಲ್ಲಿ ಬೀಸುವ, ಹನಿ ನೀರು ಬಿಟ್ಟು ಗಂಧ ತೇಯುವ, ನೆನೆಸಿದ್ದನ್ನು ಒರಳಿನಲ್ಲಿ ರುಬ್ಬುವ ನಮ್ಮ ಜನ ಈ ಭೇದಗಳನ್ನು ಕ್ರಿಯಾಪದಗಳಲ್ಲಿಯೇ ಗುರುತಿಸಿದ್ದಾರೆ. ಮನೆಗಳಿಂದ ಒರಳು, ಬೀಸುಕಲ್ಲುಗಳು ಮರೆಯಾದಂತೆ ಈ ಪದಗಳ ಅರ್ಥಭೇದವೂ ಮಸುಕಾಗುತ್ತಿದೆ. 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರತಂದವರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರೇ ಮುಂದೆ ಪಂಪಭಾರತದ ಪರಿಷ್ಕರಣದಲ್ಲಿ ತೊಡಗಿದರು. ಅವರಿಗೆ ಭೌತವಿಜ್ಞಾನವೂ ಹಳಗನ್ನಡವೂ ಎರಡು ಲೋಕಗಳಾಗಿರಲಿಲ್ಲ. ಈ ಕ್ರಿಯಾಪದಗಳನ್ನು ಅವುಗಳ ಅರ್ಥಭೇದಸಹಿತ ಸಂಗ್ರಹಿಸಿ ವಿಜ್ಞಾನ ಬರೆಯುವವರ ಕೈಗೆ ಒದಗಿಸುವುದು ಕನ್ನಡ ವಿಭಾಗಗಳಿಗೇ ಸೇರಿದ ಕೆಲಸ.