ಕಾಣಿಕೆಗೆ ಮುಂಚೆ ಮಾತು

ಸೋದರಿಯರೇ, ಪಾಪ ಅಂದಕೂಡಲೇ ನಮಗೆ ಕೊಲೆ, ಕಳ್ಳತನ ನೆನಪಾಗುತ್ತೆ. ‘ನಾವೇನು ಅಂಥದ್ದು ಮಾಡಿದ್ದೀವಿ?’ ಅಂತ ನೆಮ್ಮದಿಯಾಗಿ ಮಲಗ್ತೀವಿ. ಆದರೆ ವಾರಗಿತ್ತಿಯ ಜೊತೆ ಮಾತು ಬಿಟ್ಟು ಎಷ್ಟು ತಿಂಗಳಾಯಿತು?

ಹನೂರು ಕಡೆಯ ಮಾರ್ಟಳ್ಳಿಯಾಗಲಿ, ಕೊಳ್ಳೇಗಾಲದ ದಾರಿಯ ಕಾಮಗೆರೆಯಾಗಲಿ, ಯಳಂದೂರಾಗಲಿ, ಎಲ್ಲಾ ಊರಲ್ಲೂ ಇದೇ ಕಥೆ. ಭಾನುವಾರ ಇಬ್ಬರೂ ಪೂಜೆಗೆ ಬರುತ್ತಾರೆ, ಮುಖ ಮಾತ್ರ ನೋಡುವುದಿಲ್ಲ. ನಡುವೆ ಸೊರಗುವವರು ಮಕ್ಕಳು.

ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯ, 23 ಮತ್ತು 24ನೇ ವಚನ ತೆಗೆದು ನೋಡಿ. ಕಾಣಿಕೆ ತಂದವರಿಗೆ, ಯಾರಿಗೋ ತಮ್ಮ ಮೇಲೆ ಬೇಸರವಿದೆಯೆಂದು ನೆನಪಾದರೆ, ಮೊದಲು ಹೋಗಿ ರಾಜಿಯಾಗಬೇಕು ಎಂಬುದು ಯೇಸುವಿನ ಬೋಧನೆ. ಗಮನಿಸಿ, ಕೋಪ ನಮಗಿದ್ದರೆ ಅಂತಲ್ಲ, ಅವರಿಗಿದ್ದರೆ! ‘ನನ್ನ ಮನಸ್ಸಲ್ಲೇನಿಲ್ಲ’ ಅಂದರೆ ಸಾಲದು. ಹೆಜ್ಜೆ ನಾವೇ ಇಡಬೇಕು.

ಶನಿವಾರ ಸಂಜೆಯೇ ಹೋಗಿ. ಹಳೇ ಲೆಕ್ಕ ತೆಗೀಬೇಡಿ. ‘ಅಕ್ಕ, ನನ್ನಿಂದ ನೋವಾಗಿದ್ದರೆ ಕ್ಷಮಿಸಿ’ ಅಂದರೆ ಸಾಕು. ಅವರು ಮಾತಾಡದಿದ್ದರೆ ಮುಂದಿನ ವಾರ ಮತ್ತೆ ಹೋಗಿ.

ಹಾಗಂತ ಕುಡಿದು ಬಂದ ಗಂಡನ ಏಟು ತಿಂದು ಸುಮ್ಮನಿರುವುದು ರಾಜಿಯಲ್ಲ. ಅದನ್ನು ಹಿರಿಯರಿಗೆ, ಬೇಕಾದರೆ ಪೊಲೀಸರಿಗೂ ಹೇಳಲೇಬೇಕು. ಕ್ಷಮಿಸುವುದು ಬೇರೆ, ಅನ್ಯಾಯ ಮುಚ್ಚಿಡುವುದು ಬೇರೆ.

ಬರುವ ಭಾನುವಾರಕ್ಕೆ ಮುಂಚೆ ಯಾರ ಮನೆಗೆ ಹೋಗಬೇಕೆಂದು ಈ ರಾತ್ರಿ ಜಪದ ಹೊತ್ತಲ್ಲೇ ಯೋಚಿಸಿ.